ಹಳೆಯ ಟಯಾನಾ 37 ಕೊಳ್ಳುವ ಮುನ್ನ: ತಟ್ಟಿ, ಕೆರೆದು, ಬಿಚ್ಚಿ ನೋಡುವ ಕ್ರಮ

ಸಾಗರ ದಾಟಬಲ್ಲ ಹಾಯಿದೋಣಿ ಬೇಕು, ಆದರೆ ಹೊಸದಕ್ಕೆ ಕೈ ಹಾಕುವಷ್ಟು ದುಡ್ಡಿಲ್ಲ ಎನ್ನುವವರು ಅಮೆರಿಕದಲ್ಲಿ ಹುಡುಕಲು ಕೂತರೆ ಟಯಾನಾ 37 ಕಣ್ಣಿಗೆ ಬಿದ್ದೇ ಬೀಳುತ್ತದೆ. 1970ರ ದಶಕದಲ್ಲಿ ಬಾಬ್ ಪೆರಿ ವಿನ್ಯಾಸ ಮಾಡಿದ ದೋಣಿ ಇದು. ಕಟ್ಟಿದ್ದು ತೈವಾನಿನ ತಾ ಯಾಂಗ್ ಯಾರ್ಡ್. 500ಕ್ಕೂ ಹೆಚ್ಚು ದೋಣಿಗಳು ತಯಾರಾದವು. ಉದ್ದ 36 ಅಡಿ 8 ಅಂಗುಲ, ಅಗಲ 11 ಅಡಿ 6 ಅಂಗುಲ, ನೀರಿನಡಿಯ ಆಳ 5 ಅಡಿ 8 ಅಂಗುಲ, ತೂಕ ಹತ್ತರಿಂದ ಹನ್ನೊಂದು ಟನ್. ಹಿಂಭಾಗವೂ ಮುಂಭಾಗದ ಹಾಗೆ ಚೂಪು. ಹೆಚ್ಚಿನವಕ್ಕೆ ಒಂದೇ ಕೂವೆಮರ, ಅಂದರೆ ಮಾಸ್ಟ್, ಅದರ ಮುಂದೆ ಎರಡು ಹಾಯಿ. ತೂಕದ ದೋಣಿಯಾದ್ದರಿಂದ ಸಣ್ಣ ಗಾಳಿಗೆ ಮೈ ಕೊಡದು, ದೊಡ್ಡ ಅಲೆಗೆ ಬೆದರದು.

ವಿನ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದು ಸಾಬೀತಾಗಿದೆ. ತೊಂದರೆ ಇರುವುದು ವಯಸ್ಸಿನಲ್ಲಿ. ಬಹುಪಾಲು ದೋಣಿಗಳಿಗೆ 35–45 ವರ್ಷ ಆಗಿದೆ. ಜಾಹೀರಾತಿನ ಫೋಟೊದಲ್ಲಿ ಮಿರಿಮಿರಿ ವಾರ್ನಿಷ್, ದಾರಿ ತೋರುವ ಹೊಸ ಚಾರ್ಟ್‌ಪ್ಲಾಟರ್, ಹೊಸ ಕುಶನ್ ಕಾಣುತ್ತವೆ. ದುಡ್ಡು ತಿನ್ನುವ ವಸ್ತುಗಳಾವುವೂ ಫೋಟೊದಲ್ಲಿ ಬರುವುದಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ಮಾತು ತೈವಾನಿನ ಹಳೆಯ ದೋಣಿಗಳ ವಿಷಯದಲ್ಲಿ ಅಕ್ಷರಶಃ ನಿಜವಾಗಬಲ್ಲದು.

ಹೀಗಾಗಿ ಪರೀಕ್ಷೆಯನ್ನು ಖರ್ಚಿನ ಕ್ರಮದಲ್ಲೇ ಮಾಡಿ. ಮೊದಲು ಕಾಸು ಖರ್ಚಿಲ್ಲದ್ದು, ನಂತರ ಒಂದು ದಿನದ ಶ್ರಮ, ಆಮೇಲೆ ಸಾವಿರ ಡಾಲರ್ ಬೇಡುವ ಸರ್ವೇ, ಅಂದರೆ ಪರಿಣತರ ತಪಾಸಣೆ. ಬೇಡವೆಂದು ಕೈಬಿಡುವುದಾದರೆ ಆದಷ್ಟು ಮುಂಚೆ ಕೈಬಿಡಬಹುದು.

ಫೋನಿನಲ್ಲೇ ಮುಗಿಸಬೇಕಾದದ್ದು

ಬ್ರೋಕರ್‌ಗೆ ಕರೆ ಮಾಡುವ ಮೊದಲು ವಿಮೆಯವರಿಗೆ ಕರೆ ಮಾಡಿ. ಹೆಚ್ಚಿನವರು ಇದನ್ನು ಕೊನೆಗೆ ಇಟ್ಟುಕೊಂಡು ಕೆಡುತ್ತಾರೆ. 30–40 ವರ್ಷ ದಾಟಿದ ದೋಣಿಯನ್ನು ಮುಟ್ಟದ ವಿಮಾ ಕಂಪನಿಗಳಿವೆ. ದೋಣಿ ಒಪ್ಪಿದರೂ ಇಷ್ಟು ದೊಡ್ಡ ದೋಣಿ ನಡೆಸಿ ಅನುಭವವಿಲ್ಲದ ಹೊಸ ಮಾಲೀಕರನ್ನು ಒಪ್ಪದವರಿದ್ದಾರೆ. ವಿಮೆ ಇಲ್ಲದ ದೋಣಿಗೆ ಬಹಳಷ್ಟು ಮರೀನಾಗಳು, ಅಂದರೆ ದೋಣಿ ನಿಲ್ದಾಣಗಳು, ಜಾಗ ಕೊಡುವುದಿಲ್ಲ.

ಬ್ರೋಕರ್‌ಗೆ ಕೇಳಬೇಕಾದ ಪ್ರಶ್ನೆಗಳು ಐದೇ. ಮಾಸ್ಟ್ ಹಿಡಿದಿರುವ ಸ್ಟೀಲ್ ತಂತಿಗಳನ್ನು ಯಾವ ವರ್ಷ ಬದಲಿಸಿದ್ದು, ರಸೀದಿ ಇದೆಯೆ? ಆ ತಂತಿಗಳನ್ನು ಒಡಲಿಗೆ ಬಿಗಿಯುವ ಚೈನ್‌ಪ್ಲೇಟ್‌ಗಳನ್ನು ಎಂದಾದರೂ ಬಿಚ್ಚಿ ನೋಡಿದ್ದಾರೆಯೆ? ಡೆಕ್ಕಿನ ಮೇಲಿನ ತೇಗ ಮೂಲದ್ದೋ, ತೆಗೆದು ಹಾಕಿದ್ದಾರೋ? ಡೀಸೆಲ್ ಟ್ಯಾಂಕು ಯಾವ ಲೋಹದ್ದು? ಮಾಸ್ಟ್ ಮರದ್ದೋ ಅಲ್ಯೂಮಿನಿಯಮ್ಮೋ? ತೊಂಬತ್ತು ಭಾಗ ಸತ್ಯ ಈ ಉತ್ತರಗಳಲ್ಲೇ ಸಿಗುತ್ತದೆ. ‘ರಿಗ್ಗಿಂಗ್ ಚೆನ್ನಾಗಿದೆ’, ಅಂದರೆ ತಂತಿಗಳೆಲ್ಲ ಸರಿಯಿವೆ, ಎಂಬುದು ಉತ್ತರವಲ್ಲ. ವರ್ಷ ಬೇಕು, ರಸೀದಿ ಬೇಕು. ತಂತಿಗೆ 10–12 ವರ್ಷ ಮೀರಿದ್ದರೆ ನೋಡಲು ಹೇಗೇ ಇರಲಿ, ಬದಲಿಸುವ ಖರ್ಚನ್ನು ಬೆಲೆಯಿಂದ ಈಗಲೇ ಕಳೆದುಬಿಡಿ.

ದೋಣಿ ಕೆರಿಬಿಯನ್‌ನಲ್ಲಿ ಇದ್ದದ್ದಾದರೆ ಆರನೆಯ ಪ್ರಶ್ನೆಯೂ ಉಂಟು: 2017ರ ಸೆಪ್ಟೆಂಬರ್‌ನಲ್ಲಿ ಅದು ಎಲ್ಲಿತ್ತು? ಆ ತಿಂಗಳು ಇರ್ಮಾ ಚಂಡಮಾರುತ ಬ್ರಿಟಿಷ್ ವರ್ಜಿನ್ ದ್ವೀಪಗಳ ಮರೀನಾಗಳಲ್ಲಿ ದೋಣಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿತ್ತು.

ಡೆಕ್ಕಿನ ಮೇಲೆ: ತಟ್ಟಿ ಕೇಳುವುದು

ನೋಡಲು ಹೋಗುವಾಗ ಜೊತೆಗಿರಲಿ: ಒಳ್ಳೆಯ ಟಾರ್ಚ್, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಕೈಗನ್ನಡಿ, ಹಳೆಯ ಹತ್ತಿ ಬಟ್ಟೆ, ಮೊಂಡು ಚಾಕು, ಮಂಡಿ ಊರಲು ಒಂದು ದಿಂಬು. ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಮಳೆ ಬಂದ ಮರುದಿನ ಸಿಕ್ಕರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಈ ದೋಣಿಯ ಡೆಕ್ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಹಗುರ ಮರ ಇಟ್ಟು ಮಾಡಿದ್ದು. ಮೇಲೆ ತೇಗದ ಪಟ್ಟಿ ಹಾಸಿ ಸ್ಕ್ರೂ ಬಿಗಿದಿದ್ದಾರೆ, ಸ್ಕ್ರೂ ತಲೆಯ ಮೇಲೆ ತೇಗದ್ದೇ ಸಣ್ಣ ಬಿರಡೆ ಕೂರಿಸಿದ್ದಾರೆ. ಅಂದರೆ ಡೆಕ್ಕಿಗೆ ಸಾವಿರಕ್ಕೂ ಮಿಗಿಲು ತೂತು. ದಶಕಗಳ ಕಾಲ ಉಪ್ಪುನೀರು, ಮಳೆನೀರು ಆ ತೂತುಗಳಲ್ಲಿ ಇಳಿದರೆ ಒಳಗಿನ ಮರ ಕೊಳೆತು ಒದ್ದೆ ಅವಲಕ್ಕಿಯಂತಾಗುತ್ತದೆ. ಹೊರಗಿನಿಂದ ಏನೂ ಕಾಣದು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಲ್ಲಿ ತಟ್ಟಿ ನೋಡುವ ಹಾಗೆಯೇ ಇದನ್ನೂ ನೋಡಬೇಕು. ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದರಂತೆ ಹಗುರವಾಗಿ ತಟ್ಟುತ್ತ ಸಾಗಿ. ಗಟ್ಟಿ ಇದ್ದಲ್ಲಿ ‘ಟಕ್’ ಎಂದು ಸದ್ದು ಚುರುಕಾಗಿ ಹಿಂತಿರುಗುತ್ತದೆ. ಪದರ ಬಿಟ್ಟಿದ್ದರೆ ಅಥವಾ ಮರ ಕೊಳೆತಿದ್ದರೆ ‘ದಬ್’ ಎಂದು ಸದ್ದು ಒಳಗೇ ಸಾಯುತ್ತದೆ. ತೇಗದ ಮೇಲೆ ಈ ವ್ಯತ್ಯಾಸ ಅಷ್ಟು ಸ್ಪಷ್ಟವಿರುವುದಿಲ್ಲ. ಆದ್ದರಿಂದ ತೇಗವಿಲ್ಲದ ಕಡೆ, ಅಂದರೆ ಕ್ಯಾಬಿನ್ನಿನ ಮಾಡು, ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್‌ನ ಆಸನಗಳ ಮೇಲೆ, ಮೊದಲು ಕಿವಿ ಹದ ಮಾಡಿಕೊಳ್ಳಿ. ಆಮೇಲೆ ಮಾಸ್ಟಿನ ಸುತ್ತ, ಚೈನ್‌ಪ್ಲೇಟ್‌ಗಳ ಪಕ್ಕ, ಕಂಬಿಗಳ ಬುಡದಲ್ಲಿ ತಟ್ಟಿ. ನೀರು ಇಳಿಯುವುದು ಅಲ್ಲೇ. ತೇವ ಅಳೆಯುವ ಮೀಟರ್ ತಂದು ತೇಗದ ಮೇಲೆ ಒತ್ತಿ ಹಿಡಿಯುವವರನ್ನು ನಂಬಬೇಡಿ. ತೇಗವೇ ತೇವ ಹಿಡಿದುಕೊಂಡಿರುತ್ತದೆ, ಮುಳ್ಳು ಸುಮ್ಮನೆ ಮೇಲೇರುತ್ತದೆ.

ಬಿರಡೆಗಳು ಎದ್ದು ಹೋಗಿ ಸ್ಕ್ರೂ ತಲೆ ಹೊಳೆಯುತ್ತಿದ್ದರೆ ತೇಗ ಸವೆದು ತೆಳ್ಳಗಾಗಿದೆ, ಅದರ ಆಯುಷ್ಯ ಮುಗಿದಿದೆ. ಹೊಸ ತೇಗ ಹಾಕಿಸುವ ಮಾತು ಬಿಟ್ಟುಬಿಡಿ. ತೇಗ ಪೂರ್ತಿ ಕಿತ್ತು, ಪ್ರತಿ ತೂತನ್ನೂ ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಕೊಳೆತ ಕಡೆ ಮರ ಬದಲಿಸಿ, ಮೇಲೆ ಗ್ಲಾಸ್ ಬಟ್ಟೆ ಹಾಸಿ ಜಾರದ ಬಣ್ಣ ಬಳಿಯುವುದೇ ಸರಿಯಾದ ದಾರಿ. ಸ್ವತಃ ಮಾಡಿದರೆ ತಿಂಗಳುಗಳ ಕೆಲಸ, ಯಾರ್ಡಿಗೆ ಕೊಟ್ಟರೆ ಹತ್ತಾರು ಸಾವಿರ ಡಾಲರಿನ ಮಾತು. ಹಿಂದಿನ ಮಾಲೀಕರು ಈ ಕೆಲಸವನ್ನು ಫೋಟೊ ಸಮೇತ ಮಾಡಿ ಮುಗಿಸಿದ್ದರೆ ಆ ದೋಣಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಲಾಭ.

ಕಾಣದ ಉಕ್ಕು

ಇಡೀ ತಪಾಸಣೆಯ ಜೀವ ಈ ಭಾಗದಲ್ಲಿದೆ. ಮಾಸ್ಟ್ ತಾನಾಗಿ ನಿಲ್ಲುವುದಲ್ಲ. ಸುತ್ತ ಎಳೆದು ಕಟ್ಟಿದ ಸ್ಟೀಲ್ ತಂತಿಗಳು ಅದನ್ನು ನಿಲ್ಲಿಸಿವೆ. ಅವುಗಳಲ್ಲಿ ಬದಿಯ ತಂತಿಗಳನ್ನು ದೋಣಿಯ ಒಡಲಿಗೆ ಬಿಗಿಯುವ ಉಕ್ಕಿನ ಪಟ್ಟಿಗಳೇ ಚೈನ್‌ಪ್ಲೇಟ್‌ಗಳು. ಅವು ಡೆಕ್ಕನ್ನು ತೂರಿಕೊಂಡು ಕೆಳಗಿಳಿದು ಕಪಾಟುಗಳ ಹಿಂದೆ ಬೋಲ್ಟ್ ಆಗಿರುತ್ತವೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ತೆಳ್ಳನೆಯ ಆಕ್ಸೈಡ್ ಪದರದಿಂದ. ಆ ಪದರ ಉಳಿಯಬೇಕಾದರೆ ಆಮ್ಲಜನಕ ಬೇಕು. ಡೆಕ್ಕಿನ ದಪ್ಪದೊಳಗೆ, ಹಳೆಯ ಸೀಲೆಂಟಿನ ನಡುವೆ ಉಪ್ಪುನೀರು ನಿಂತಲ್ಲಿ ಗಾಳಿ ಆಡುವುದಿಲ್ಲ. ಪದರ ಹೋಗುತ್ತದೆ, ಸಂದಿನಲ್ಲಿ ಕೊರೆತ ಶುರುವಾಗುತ್ತದೆ. ಮೇಲೆ ಎರಡು ಅಂಗುಲ ಕನ್ನಡಿಯಂತೆ ಫಳಫಳ, ಕೆಳಗೆ ಬೋಲ್ಟಿನ ಬಳಿಯೂ ಫಳಫಳ, ನಡುವಿನ ಕಾಣದ ಒಂದು ಅಂಗುಲದಲ್ಲಿ ಅರ್ಧ ದಪ್ಪವೇ ಇಲ್ಲ. ಮುರಿಯುವುದು ಅಲ್ಲೇ.

ಮಾಡಬೇಕಾದ್ದು ಇಷ್ಟು. ಕಪಾಟಿನೊಳಗೆ ತಲೆ ತೂರಿಸಿ, ಡೆಕ್ಕಿನ ಕೆಳಮೈಗೆ ಟಾರ್ಚ್ ಹಿಡಿಯಿರಿ. ಪಟ್ಟಿಯ ಬಳಿ ಚಹಾ ಬಣ್ಣದ ಇಳಿಜಾಡು ಕಂಡರೆ ನೀರು ಇಳಿದಿದೆ ಎಂದೇ ಅರ್ಥ. ಪಕ್ಕದ ಮರದ ಗೋಡೆಗೆ ಚಾಕುವಿನ ತುದಿ ಒತ್ತಿ. ಮೆತ್ತಗೆ ಒಳಹೋದರೆ ಗೋಡೆಯೂ ಕೊಳೆತಿದೆ. ನಂತರ ಒಪ್ಪಂದದಲ್ಲೇ ಒಂದು ಷರತ್ತು ಬರೆಸಿ: ನಮ್ಮ ಖರ್ಚಿನಲ್ಲಿ ಮಾಸ್ಟ್, ತಂತಿಗಳ ಕೆಲಸ ಬಲ್ಲ ಒಬ್ಬ ರಿಗ್ಗರ್ ಕೈಯಿಂದ ಒಂದು ಚೈನ್‌ಪ್ಲೇಟ್ ಬಿಚ್ಚಿಸಿ ನೋಡುತ್ತೇವೆ. ಅತ್ಯಂತ ಕೆಟ್ಟದಾಗಿ ಸೋರುತ್ತಿರುವುದನ್ನೇ ಆರಿಸಿ. ಅದರಲ್ಲಿ ಸಣ್ಣ ಗುಳಿಗಳು ಅಥವಾ ಕೂದಲೆಳೆಯ ಬಿರುಕು ಕಂಡರೆ ಎಲ್ಲವನ್ನೂ ಬದಲಿಸಬೇಕು. ಮಾರುವವರು ಬಿಚ್ಚಲು ಒಪ್ಪದಿದ್ದರೆ ಎಲ್ಲವೂ ಕೆಟ್ಟಿವೆ ಎಂದೇ ಲೆಕ್ಕ ಹಾಕಿ ಬೆಲೆ ಹೇಳಿ.

ತಂತಿಯ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಒತ್ತಿ ಕೂರಿಸಿದ ಕೊಳವೆಯ ಉದ್ದಕ್ಕೂ ಬಿರುಕಿದ್ದರೆ ಆ ತಂತಿ ಸತ್ತಂತೆ. ಕೆಳತುದಿಗಳೇ ಹೆಚ್ಚು ಕೆಡುತ್ತವೆ. ತಂತಿ ಗುಂಟ ಇಳಿದ ನೀರು ಅಲ್ಲೇ ನಿಲ್ಲುತ್ತದೆ. ಹತ್ತಿ ಬಟ್ಟೆಯನ್ನು ತಂತಿಗೆ ಸುತ್ತಿ ಮೇಲಕ್ಕೆ ಜಾರಿಸಿ. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಒಂದು ಎಳೆ ಮುರಿದಿದೆ. ಬರಿಗೈಯಲ್ಲಿ ಈ ಸಾಹಸ ಬೇಡ, ಅಂಗೈ ಸೀಳುತ್ತದೆ.

ಈ ದೋಣಿಗೆ ಮೂತಿಯಿಂದ ಮುಂದಕ್ಕೆ ಚಾಚಿದ ಬೌಸ್ಪ್ರಿಟ್ ಇದೆ. ಅತಿ ಮುಂದಿನ ತಂತಿ ಅದರ ತುದಿಗೆ ಕಟ್ಟಿದೆ. ಆ ತುದಿ ಮೇಲಕ್ಕೆ ಎದ್ದು ಹೋಗದಂತೆ ಕೆಳಗಿನಿಂದ ಎಳೆದಿಟ್ಟಿರುವುದು ಬಾಬ್‌ಸ್ಟೇ. ಅದರ ಕೆಳತುದಿ ನೀರಿನ ಮಟ್ಟದ ಹತ್ತಿರವೇ, ದಿನವೂ ನೆನೆದು ಒಣಗುವ ಜಾಗದಲ್ಲಿ ಬೋಲ್ಟ್ ಆಗಿದೆ. ಅದೊಂದು ಕಿತ್ತುಬಂದರೆ ಬೌಸ್ಪ್ರಿಟ್ ಮುರಿದು, ಮುಂದಿನ ತಂತಿ ಸಡಿಲಾಗಿ, ಮಾಸ್ಟ್ ಹಿಂದಕ್ಕೆ ಉರುಳುತ್ತದೆ. ತೆಪ್ಪದಲ್ಲಿ ಕೂತು ಆ ಬೋಲ್ಟನ್ನು ಎದುರಿನಿಂದಲೇ ನೋಡಿ. ಒಳಗಿನ ನಟ್ಟನ್ನು ಲಂಗರಿನ ಸರಪಳಿ ಇಡುವ ಗೂಡಿನೊಳಗೆ ಕೈಗನ್ನಡಿ ಹಿಡಿದು ಹುಡುಕಿ. ಮರದ ಬೌಸ್ಪ್ರಿಟ್ ಕೊಳೆಯುವುದು ಡೆಕ್ಕಿನ ಕಂಬಗಳ ನಡುವೆ ಕೂತಿರುವ ಹಿಂಭಾಗದಲ್ಲಿ. ಮೇಲಿನ ವಾರ್ನಿಷ್ ನೋಡಿ ತೀರ್ಮಾನಿಸದೆ ಅಡಿಭಾಗಕ್ಕೆ ಚಾಕು ಚುಚ್ಚಿ.

ಮರದ ಮಾಸ್ಟ್ ಇದ್ದರೆ ವಾರ್ನಿಷ್ ಕೆಳಗೆ ಕಪ್ಪು ಕಲೆ ಹುಡುಕಿ, ಮುಖ್ಯವಾಗಿ ಅಡ್ಡಕೋಲುಗಳ ಬುಡದಲ್ಲಿ ಮತ್ತು ನೆತ್ತಿಯಲ್ಲಿ. ಅಲ್ಯೂಮಿನಿಯಂ ಆದರೆ ಕೆಡುವ ಜಾಗ ಬುಡ. ಬಿಲ್ಜಿನ, ಅಂದರೆ ಒಡಲಿನ ತೀರಾ ತಳದ ಗುಂಡಿಯ, ತೇವದಲ್ಲಿ ಬಿಳಿ ಪುಡಿ ಉದುರುತ್ತಿರುತ್ತದೆ.

ಒಳಗೆ

ಕ್ಯಾಬಿನ್ನಿಗೆ ಇಳಿದ ಕೂಡಲೇ ಮೂಗಿಗೆ ಕೆಲಸ ಕೊಡಿ. ಡೀಸೆಲ್ ವಾಸನೆ ಗಾಢವಾಗಿದ್ದರೆ ಟ್ಯಾಂಕು ಸೋರುತ್ತಿರಬಹುದು. ಈ ಮಾದರಿಯ ಹಲವು ದೋಣಿಗಳಲ್ಲಿ ಡೀಸೆಲ್ ಟ್ಯಾಂಕು ಕಬ್ಬಿಣದ್ದು, ಮೂತಿಯ ಮಂಚದ ಅಡಿಯಲ್ಲಿ ಕೂತಿರುತ್ತದೆ, ಸುಮಾರು 350 ಲೀಟರ್ ಹಿಡಿಯುತ್ತದೆ. ಮುಂಭಾಗಕ್ಕೆ ಅಷ್ಟು ಭಾರ ಹೇರಿದ್ದು ಸರಿಯಾದ ನಿರ್ಧಾರವೆಂದು ಹೇಳಲಾಗದು, ಟ್ಯಾಂಕು ತುಂಬಿದಾಗ ದೋಣಿ ಮೂತಿ ತಗ್ಗಿಸುತ್ತದೆ. ಕಬ್ಬಿಣ ಕೊರೆಯುವುದು ಹೊರಗಿನಿಂದ, ಅದರಲ್ಲೂ ತಳದಲ್ಲಿ, ಒದ್ದೆಯಾಗಿ ಕೂತ ಕಡೆ. ತಳಕ್ಕೆ ಕನ್ನಡಿ ಹಿಡಿಯಿರಿ. ಎಂಜಿನ್ನಿನ ಬಳಿಯ ಫಿಲ್ಟರ್ ಬಟ್ಟಲಲ್ಲಿ ಕಪ್ಪು ಲೋಳೆ ಅಥವಾ ತಳದಲ್ಲಿ ನೀರಿನ ಗುಳ್ಳೆ ಕಂಡರೆ ಟ್ಯಾಂಕಿನೊಳಗೂ ಅದೇ ಇದೆ. ಅಲೆ ಎದ್ದಾಗ ಆ ಲೋಳೆ ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ ಬೇಕಾದ ಹೊತ್ತಿಗೇ ನಿಲ್ಲುತ್ತದೆ.

ಬಿಲ್ಜಿನಲ್ಲಿ ನೀರಿದ್ದರೆ ಅದು ಸಿಹಿಯೋ ಉಪ್ಪೋ ಗೊತ್ತಾಗಬೇಕು. ಸಿಹಿಯಾದರೆ ಮೇಲಿನಿಂದ ಮಳೆ ಸೋರಿದೆ, ಇಲ್ಲವೇ ಕುಡಿಯುವ ನೀರಿನ ಟ್ಯಾಂಕು ಹೋಗಿದೆ. ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ. ಹಳೆಯ ಕಾಲದವರು ಬೆರಳದ್ದಿ ನಾಲಗೆಗೆ ಇಡುತ್ತಿದ್ದರು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಉಪ್ಪಿನ ಮಾಪಕ ತಂದರೆ ಆ ತ್ಯಾಗ ಬೇಕಿಲ್ಲ.

ಒಡಲಿನಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ತೂತಿರುವಲ್ಲೆಲ್ಲ ಒಂದು ಸೀಕಾಕ್, ಅಂದರೆ ನೀರು ತಡೆಯುವ ವಾಲ್ವ್, ಇರಬೇಕು. ಪ್ರತಿಯೊಂದನ್ನೂ ಕೈಯಿಂದಲೇ ಮುಚ್ಚಿ ತೆರೆಯಿರಿ. ಜಾಮ್ ಆಗಿದ್ದರೆ ಬಲ ಹಾಕಬೇಡಿ, ಬರೆದಿಟ್ಟುಕೊಳ್ಳಿ. ನೀರಿನಲ್ಲಿರುವಾಗ ಮುರಿದರೆ ದೋಣಿ ಅಲ್ಲೇ ಮುಳುಗುತ್ತದೆ. ಲೋಹವನ್ನು ಚಾಕುವಿನಿಂದ ಸ್ವಲ್ಪ ಕೆರೆಯಿರಿ. ಹೊಂಬಣ್ಣ ಬಂದರೆ ಲೋಹ ಗಟ್ಟಿ ಇದೆ. ಗುಲಾಬಿ ಬಣ್ಣ ಬಂದರೆ ಅದು ಹಿತ್ತಾಳೆ, ಅದರ ಸತು ಕರಗಿ ಹೋಗಿ ತಾಮ್ರದ ಜಾಳು ಮಾತ್ರ ಉಳಿದಿದೆ. ಮನೆಯ ನಲ್ಲಿಯಂತೆ ಸುತ್ತಿ ಮುಚ್ಚುವ ವಾಲ್ವ್ ಯಾರಾದರೂ ಹಾಕಿದ್ದರೆ ಅದಕ್ಕೆ ದೋಣಿಯಲ್ಲಿ ಜಾಗವಿಲ್ಲ.

ಗ್ಯಾಸ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಬಿಲ್ಜಿನಲ್ಲಿ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಇರುವ ಗೂಡಿಗೆ ಒಳಗಿನ ಸಂಪರ್ಕ ಇರಕೂಡದು, ತಳದಿಂದ ಹೊರಕ್ಕೆ ಹರಿಯುವ ದಾರಿ ಇರಬೇಕು. ಒಲೆ ಆರಿಸಿ, ಒಲೆಯತ್ತ ಹೋಗುವ ದಾರಿಯ ವಾಲ್ವ್ ತೆರೆದಿಟ್ಟು, ಸಿಲಿಂಡರ್ ತಿರುಗಿಸಿ ಒತ್ತಡ ತುಂಬಿಸಿ, ಸಿಲಿಂಡರ್ ಮುಚ್ಚಿ ಗೇಜ್ ನೋಡಿ. ಮೂರು ನಿಮಿಷ ಮುಳ್ಳು ಇಳಿಯದಿದ್ದರೆ ಸರಿ.

ಹಾಯಿಗಳಿಗೆ ಐದು ನಿಮಿಷ ಸಾಕು. ಹೊಲಿಗೆಯ ದಾರವನ್ನು ಉಗುರಿನಿಂದ ಕೆರೆಯಿರಿ. ಪುಡಿಯಾದರೆ ಬಿಸಿಲು ತಿಂದಿದೆ. ಬಟ್ಟೆ ಗರಿಗರಿ ಇದ್ದು ದಾರ ಮಾತ್ರ ಹೋಗಿದ್ದರೆ ಮರುಹೊಲಿಗೆ ಸಾಲುತ್ತದೆ.

ನೀರಿನಿಂದ ಮೇಲೆತ್ತಿದಾಗ

ಇಲ್ಲಿಯವರೆಗೆ ದೋಣಿ ಪಾಸಾದರೆ ಮಾತ್ರ ಆಫರ್ ಬರೆಯಿರಿ. ಸರ್ವೇ ಮತ್ತು ಸಮುದ್ರ ಪರೀಕ್ಷೆಗೆ ಒಳಪಟ್ಟು ಎಂಬ ಮಾತು ಅದರಲ್ಲಿರಬೇಕು. ಸಾಮಾನ್ಯವಾಗಿ ಬೆಲೆಯ ಹತ್ತನೇ ಒಂದು ಭಾಗವನ್ನು ಮುಂಗಡವಾಗಿ ವ್ಯವಹಾರ ಮುಗಿಯುವವರೆಗೆ ಹಣ ಕಾದಿಡುವ ಬ್ರೋಕರ್‌ನ ಎಸ್ಕ್ರೋ ಖಾತೆಗೆ ಹಾಕುತ್ತಾರೆ, ಮಾರುವವರ ಕೈಗೆ ಕೊಡುವುದಿಲ್ಲ. ಎತ್ತುವ ಕ್ರೇನಿನ ಖರ್ಚೂ ಸರ್ವೇಯರ್ ಖರ್ಚೂ ಕೊಳ್ಳುವವರದ್ದೇ. ಸರ್ವೇಯರುಗಳ ಸಂಘಗಳಾದ ಸ್ಯಾಮ್ಸ್ ಅಥವಾ ನ್ಯಾಮ್ಸ್ ಮಾನ್ಯತೆ ಇರುವ, ತೈವಾನಿನ ದೋಣಿಗಳ ಪರಿಚಯವಿರುವ ಸರ್ವೇಯರನ್ನು ನೀವೇ ಹುಡುಕಿ. ಬ್ರೋಕರ್ ಸೂಚಿಸಿದವರು ಬೇಡ. ಎಂಜಿನ್ ಮತ್ತು ರಿಗ್ಗಿಂಗ್ ಎರಡಕ್ಕೂ ಬೇರೆ ಬೇರೆ ಜನ ಬೇಕು, ಸಾಮಾನ್ಯ ಸರ್ವೇಯಲ್ಲಿ ಮಾಸ್ಟ್ ಹತ್ತುವುದು ಸೇರಿರುವುದಿಲ್ಲ.

ಆ ದಿನ ನೀವೂ ಅಲ್ಲೇ ಇರಿ. ಈ ದೋಣಿಯ ತಳಭಾರ ಎರಕದ ಕಬ್ಬಿಣ, ಸುಮಾರು 3,300 ಕೆ.ಜಿ., ಫೈಬರ್‌ಗ್ಲಾಸ್ ಕೀಲಿನೊಳಗೇ, ಅಂದರೆ ಒಡಲಿನ ಅಡಿಯಲ್ಲಿ ಕೆಳಕ್ಕೆ ಚಾಚಿದ ಭಾಗದೊಳಗೇ, ಮುಚ್ಚಿಟ್ಟದ್ದು. ಹೀಗಾಗಿ ತಳಭಾರವನ್ನು ಒಡಲಿಗೆ ಬಿಗಿಯುವ ಕೀಲ್ ಬೋಲ್ಟ್‌ಗಳ ತಲೆನೋವಿಲ್ಲ. ಆದರೆ ಬಂಡೆಗೆ ತಾಗಿ ಕೀಲಿನ ಗ್ಲಾಸ್ ಒಡೆದಿದ್ದರೆ ನೀರು ಕಬ್ಬಿಣ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಒಳಗಿನಿಂದಲೇ ಗ್ಲಾಸನ್ನು ಸೀಳುತ್ತದೆ. ದೋಣಿ ಮೇಲೆದ್ದು ಮೈ ಆರಿದ ಮೇಲೂ ಕೀಲಿನ ತಳದಿಂದ ಕಂದು ನೀರು ಜಿನುಗುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ನೂರು ದೋಷ ಸಹಿಸಬಹುದು, ಇದನ್ನಲ್ಲ.

ಅದಕ್ಕೆ ಹೋಲಿಸಿದರೆ ಒಡಲಿನ ಮೇಲಿನ ಗುಳ್ಳೆಗಳು ಸಣ್ಣ ವಿಷಯ. ಒಂದನ್ನು ಚುಚ್ಚಿದಾಗ ವಿನೆಗರ್ ವಾಸನೆಯ ದ್ರವ ಬರುತ್ತದೆ. ಹತ್ತಿಪ್ಪತ್ತು ಗುಳ್ಳೆಗಳು ಚೌಕಾಸಿಗೆ ಒದಗುತ್ತವೆ, ಓಡಿಹೋಗಲು ಕಾರಣವಲ್ಲ. ಚುಕ್ಕಾಣಿಯ ಅಲಗನ್ನು ತಟ್ಟಿ, ಅದರ ಕೆಳತುದಿಯ ಬೇರಿಂಗ್ ಹಿಡಿದು ಅಲುಗಾಡಿಸಿ. ಪ್ರೊಪೆಲರ್ ಶಾಫ್ಟನ್ನು ಮೇಲೆ ಕೆಳಗೆ ಎತ್ತಿ. ಕಡಕಡ ಸದ್ದು ಕೇಳುವಷ್ಟು ಸಡಿಲವಿದ್ದರೆ ಬೇರಿಂಗ್ ಬದಲಿಸಬೇಕು.

ಎಂಜಿನ್, ಸಮುದ್ರ ಪರೀಕ್ಷೆ

ಹಳೆಯ ದೋಣಿಗಳಲ್ಲಿ ಪರ್ಕಿನ್ಸ್ 4-108 ಅಥವಾ ಯಾನ್ಮಾರ್ ಇರುತ್ತದೆ. ‘ನಾವು ಬರುವವರೆಗೆ ಎಂಜಿನ್ ಚಾಲು ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ತಣ್ಣಗೆ ಚಾಲು ಆಗುವುದಿಲ್ಲವೆಂದು ಯಾರಿಗೋ ಗೊತ್ತಿದೆ. ಕಪ್ಪು ಹೊಗೆ ಎಂದರೆ ಎಂಜಿನ್ನಿಗೆ ಭಾರ ಹೆಚ್ಚಾಗಿದೆ, ಪ್ರೊಪೆಲರ್‌ಗೆ ಚಿಪ್ಪು ಕಟ್ಟಿದ್ದರೂ ಹೀಗಾಗುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿರಬಹುದು. ಪರ್ಕಿನ್ಸ್ ಹಿಂದಿನ ಸೀಲಿನಿಂದ ಆಯಿಲ್ ತೊಟ್ಟಿಕ್ಕುವುದು ಹಳೆಯ ಕತೆ, ಅಡಿಯಲ್ಲಿ ತಟ್ಟೆ ಇಟ್ಟು ದಶಕ ಕಳೆದವರಿದ್ದಾರೆ. ಗಂಟೆಗಳ ಮೀಟರ್ ಕಡಿಮೆ ತೋರಿಸಿದರೆ ಹಿಗ್ಗಬೇಡಿ. ವರ್ಷಗಟ್ಟಲೆ ಚಾಲು ಮಾಡದೆ ನಿಲ್ಲಿಸಿದ ಡೀಸೆಲ್ ಎಂಜಿನ್ನಿಗಿಂತ ಐದು ಸಾವಿರ ಗಂಟೆ ನಿಯಮಿತವಾಗಿ ಓಡಿದ್ದು ಮೇಲು.

ಸಮುದ್ರದಲ್ಲಿ ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಉಷ್ಣತೆಯ ಮುಳ್ಳು ಏರುತ್ತಲೇ ಹೋಗದೆ ಒಂದು ಕಡೆ ನಿಲ್ಲುತ್ತದೆಯೇ ನೋಡಿ. ಆಮೇಲೆ ಎಲ್ಲ ಹಾಯಿಗಳನ್ನೂ ಏರಿಸಿ. ದೋಣಿ ವಾಲಿದಾಗ ಒಬ್ಬರು ಕೆಳಗಿಳಿದು ಕಪಾಟಿನ ಬಾಗಿಲುಗಳನ್ನು ತೆರೆದು ಮುಚ್ಚಲಿ. ನಿಂತಾಗ ಸಲೀಸಾಗಿದ್ದ ಬಾಗಿಲು ವಾಲಿದಾಗ ಬಿಗಿದರೆ ಒಳಗೋಡೆ ಒಡಲಿನಿಂದ ಬಿಟ್ಟುಕೊಂಡಿರಬಹುದು, ಟಾರ್ಚ್ ಹಿಡಿದು ಆ ಅಂಟು ನೋಡಬೇಕು.

ಕಾಗದಪತ್ರ

ಅಮೆರಿಕದಲ್ಲಿರುವ ಕನ್ನಡಿಗರು ಎಡವುವುದು ಇಲ್ಲಿ. ಕೋಸ್ಟ್ ಗಾರ್ಡ್ ಡಾಕ್ಯುಮೆಂಟೇಶನ್, ಅಂದರೆ ಕೇಂದ್ರ ಸರ್ಕಾರದ ದೋಣಿ ನೋಂದಣಿ, ಅಮೆರಿಕದ ಪ್ರಜೆಗಳಿಗೆ ಮಾತ್ರ. ಎಚ್-1ಬಿಯವರಿಗೂ ಇಲ್ಲ, ಗ್ರೀನ್ ಕಾರ್ಡಿನವರಿಗೂ ಇಲ್ಲ. ಅವರು ರಾಜ್ಯದ ನೋಂದಣಿ ಮಾಡಿಸಬೇಕು, ವಿದೇಶಕ್ಕೆ ಹೊರಡುವುದಿದ್ದರೆ ಆ ನೋಂದಣಿ ಹೋಗುವ ದೇಶಕ್ಕೆ ಸಾಲುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಳ್ಳುವಾಗ ಇಬ್ಬರಲ್ಲಿ ಒಬ್ಬರು ಪ್ರಜೆಯಲ್ಲದಿದ್ದರೂ ಡಾಕ್ಯುಮೆಂಟೇಶನ್‌ಗೆ ಅಡ್ಡಿಯಾಗಬಲ್ಲದು, ಸಹಿಗೆ ಮೊದಲೇ ಬಗೆಹರಿಸಿಕೊಳ್ಳಿ.

ದೋಣಿ ಈಗಾಗಲೇ ಡಾಕ್ಯುಮೆಂಟ್ ಆಗಿದ್ದರೆ ಕೋಸ್ಟ್ ಗಾರ್ಡಿನಿಂದ ಅದರ ಒಡೆತನದ ಸಾರಪತ್ರ ತರಿಸಿ. ನಮ್ಮ ಕಡೆ ಸೈಟು ಕೊಳ್ಳುವಾಗ ಇಸಿ ತೆಗೆಸುವ ಹಾಗೆಯೇ ಇದು. ಹಿಂದಿನ ಮಾಲೀಕರು, ತೀರದ ಸಾಲ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಯಾರ್ಡಿಗೆ ಕೊಡದೆ ಉಳಿದ ಬಿಲ್ಲು, ಮರೀನಾ ಬಾಡಿಗೆಯ ಬಾಕಿ ಅದರಲ್ಲಿ ಕಾಣದೆಯೂ ದೋಣಿಯ ಬೆನ್ನು ಹತ್ತಿ ಬರುತ್ತವೆ. ಮರೀನಾ ಕಚೇರಿಯಲ್ಲಿ ನೇರವಾಗಿ ಕೇಳಿ, ಬಾಕಿ ಇಲ್ಲವೆಂದು ಬರೆಸಿಕೊಳ್ಳಿ. ಕೊಳ್ಳುವ ಪತ್ರ ಕೋಸ್ಟ್ ಗಾರ್ಡಿನ ಸಿಜಿ-1340 ನಮೂನೆಯಲ್ಲಿ, ನೋಟರಿ ಎದುರು ಆಗಲಿ. ದೋಣಿಯ ಹಿಂಭಾಗದಲ್ಲಿ ಕೆತ್ತಿದ ಒಡಲಿನ ಸಂಖ್ಯೆ ಪತ್ರದಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ಖುದ್ದು ಹೋಗಿ ನೋಡಿ.

ಬೆಲೆ ಮಾತಾಡುವಾಗ ಸರ್ವೇಯ ಪಟ್ಟಿಯನ್ನು ಎರಡು ಭಾಗ ಮಾಡಿ. ತಂತಿ, ಚೈನ್‌ಪ್ಲೇಟ್, ಟ್ಯಾಂಕು, ಡೆಕ್, ಸೀಕಾಕ್ ಇವಕ್ಕೆ ಯಾರ್ಡಿನಿಂದ ಅಂದಾಜು ಪಟ್ಟಿ ತರಿಸಿ ಮುಂದಿಡಿ. ಕುಶನ್, ಬಣ್ಣ, ದೀಪ ಇವನ್ನು ಎತ್ತಲೇಬೇಡಿ, ಮಾತಿನ ತೂಕ ಹೋಗುತ್ತದೆ. ಕೈಯಲ್ಲಿರುವ ಒಟ್ಟು ಹಣದಲ್ಲಿ ಕನಿಷ್ಠ ಮೂರನೇ ಒಂದು ಭಾಗ ದೋಣಿ ಕೊಂಡ ಮೇಲೆ ಉಳಿಯಬೇಕು. ಸಾಗರ ದಾಟುವ ಇರಾದೆ ಇದ್ದರೆ ಅರ್ಧ.

ಸಹಿ ಮಾಡುವ ಗಂಟೆಯಿಂದಲೇ ವಿಮೆ ಶುರುವಾಗುವಂತೆ ಮೊದಲೇ ಹೇಳಿಡಿ. ಕೀಲಿ ಕೈಗೆ ಬಂದ ದಿನ ಮಾರಿದವರು ಹೊರಡುವ ಮೊದಲು ಅವರನ್ನೇ ಕರೆದುಕೊಂಡು ಪ್ರತಿ ಸೀಕಾಕ್, ಪ್ರತಿ ಬ್ಯಾಟರಿ ಸ್ವಿಚ್, ಪ್ರತಿ ಟ್ಯಾಂಕಿನ ವಾಲ್ವ್ ಎಲ್ಲಿದೆ ಎಂದು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ರಾತ್ರಿ ದೋಣಿ ಬಿಟ್ಟು ಬರುವಾಗ ಕಾಕ್‌ಪಿಟ್‌ನ ನೀರು ಹೊರಹೋಗುವ ಎರಡನ್ನು ಬಿಟ್ಟು ಉಳಿದ ಸೀಕಾಕ್‌ಗಳನ್ನೆಲ್ಲ ಮುಚ್ಚಿ ಬನ್ನಿ.